ದೊಡ್ಡಮ್ಮನ ಬ್ರೇಕು

ಆ ಮನೆಯಲ್ಲಿ ದೊಡ್ಡಮ್ಮ ಅಂದರೆ ಹೆಂಗಸಲ್ಲ, ಶೆಡ್ಡಿನಲ್ಲಿ ನಿಂತಿದ್ದ ಕಾರು. ಅತ್ತೆಯೊಬ್ಬರನ್ನು ಬಿಟ್ಟರೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯಳು. ಒಂದು ಮಾತು ಆಡುವ ಹಾಗಿಲ್ಲ, ಒಂದು ಬೆರಳು ತಾಗಿಸುವ ಹಾಗಿಲ್ಲ. ಕೆಲಸ ಅಂತ ಒಂದನ್ನೂ ಮಾಡುವುದಿಲ್ಲ, ಆದರೆ ಬೆಳಿಗ್ಗೆ ಎದ್ದವರು ಮೊದಲು ಅವಳ ಯೋಗಕ್ಷೇಮ ವಿಚಾರಿಸಿಕೊಂಡು ಬರಬೇಕು. ಆ ಹೆಸರು ಇಟ್ಟವಳು ಮನೆಯ ಸೊಸೆ. ಸಿಟ್ಟಿನಲ್ಲಿ ಇಟ್ಟ ಹೆಸರು. ಗಂಡನಿಗೆ ಅದು ಮುದ್ದಾಗಿ ಕೇಳಿಸಿತು, ಅಂಟಿಕೊಂಡುಬಿಟ್ಟಿತು.

ಸೊಸೆಯನ್ನು ಬೀದಿಯವರು ಸೀಟಕ್ಕ ಅನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ದಪ್ಪ ಸೂಜಿಯ ಹೊಲಿಗೆ ಮಿಷನ್ನು ಇಟ್ಟುಕೊಂಡು ಕಾರು, ವ್ಯಾನು, ಬಸ್ಸುಗಳ ಸೀಟು ಹೊಲಿಯುವುದು ಅವಳ ಕಸುಬು. ಗಂಡನದು ಎರಡು ಬೀದಿ ಆಚೆ ಗಡಿಯಾರ ರಿಪೇರಿಯ ಅಂಗಡಿ. ದೊಡ್ಡಮ್ಮ ಅವನಿಗೆ ಸೋದರಮಾವನಿಂದ ಬಂದವಳು. ಮಾವ ಹೊಸದಾಗಿ ತಂದ ದಿನದಿಂದ ಕಣ್ಣು ಮುಚ್ಚುವ ತನಕ ಅದನ್ನು ತಾನೊಬ್ಬನೇ ಓಡಿಸಿದ್ದ, ಬೇರೆ ಯಾರ ಕೈಗೂ ಕೊಟ್ಟವನಲ್ಲ. ಅದರ ಮೈಮೇಲಿದ್ದದ್ದು ಕಾರ್ಖಾನೆಯಲ್ಲಿ ಬಳಿದ ಬಣ್ಣವೇ, ಬಿಸಿಲಿಗೆ ಮಂಕಾಗಿ ಹಳೆಯ ಸ್ಲೇಟಿನ ಹಾಗಾಗಿತ್ತು. ಸೀಟಿನ ಚರ್ಮ ಬಿರಿದು ಒಳಗಿನ ನಾರು ಇಣುಕುತ್ತಿತ್ತು. ಹಿಂದಿನ ಸೀಟನ್ನು ಎತ್ತಿದರೆ ಕೆಳಗಿನ ತಗಡಿನ ಮೇಲೆ ಯಾವನೋ ಕೆಲಸಗಾರ ಸೀಮೆಸುಣ್ಣದಲ್ಲಿ ಗೀಚಿದ ಅಂಕಿ ಇನ್ನೂ ಹಾಗೇ ಇತ್ತು. ಬಂದವರಿಗೆಲ್ಲ ಗಂಡ ಅದನ್ನು ತೋರಿಸುತ್ತಿದ್ದ, ತೋರಿಸುವಾಗ ತನ್ನ ಉಸಿರನ್ನೂ ಬಿಗಿಹಿಡಿಯುತ್ತಿದ್ದ.

"ಊರಿಗೆಲ್ಲ ಸೀಟು ಹೊಲೀತಾಳೆ, ಅವಳ ಮನೆ ಗಾಡೀಲಿ ಕೂತ್ರೆ ಸ್ಪ್ರಿಂಗು ಚುಚ್ಚತ್ತೆ" ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಸೀಟಕ್ಕ ನಗುತ್ತಿದ್ದಳು. ಆ ಸೀಟಿಗೆ ಒಂದು ಹೊಲಿಗೆ ಹಾಕಲು ಅವಳ ಕೈ ತುರಿಸುತ್ತಿದ್ದದ್ದು ನಿಜ, ಆದರೆ ಗಂಡನ ಮುಖ ನೋಡಿದರೆ ಸೂಜಿ ಎತ್ತುವ ಧೈರ್ಯ ಬರುತ್ತಿರಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಬೆಟ್ಟದಾಚೆಯ ಪಟ್ಟಣದಲ್ಲಿ ಹಳೆಯ ಕಾರುಗಳ ಮೇಳ ನಡೆಯುತ್ತದೆ ಎಂಬ ಸುದ್ದಿ ಬಂತು. ರಿಪೇರಿ ಕಾಣದ, ಬಣ್ಣ ಕಾಣದ ಗಾಡಿಗಳಿಗೆ ಅಲ್ಲಿ ಬೇರೆಯದೇ ಸಾಲು. ಒಂದೇ ಷರತ್ತು, ಗಾಡಿ ತನ್ನ ಚಕ್ರದ ಮೇಲೆ ತಾನೇ ಓಡಿಕೊಂಡು ಬರಬೇಕು. ಗಂಡ ಸುದ್ದಿ ಕೇಳಿದವನೇ ಹೆಣ್ಣು ನೋಡಲು ಹೊರಟ ಹುಡುಗನ ಹಾಗೆ ಓಡಾಡತೊಡಗಿದ. ಬೆಟ್ಟ ಹತ್ತುವುದೇನೋ ಸರಿ, ದೊಡ್ಡಮ್ಮನ ಎಂಜಿನ್ನು ಗಟ್ಟಿ. ಇಳಿಯುವುದು ಹೇಗೆ ಎಂಬ ಹೆದರಿಕೆ ಸೀಟಕ್ಕನನ್ನು ಆವತ್ತೇ ಹಿಡಿಯಿತು.

ಅವಳ ಹೆದರಿಕೆ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಅಪಘಾತವಾದ ಗಾಡಿಗಳನ್ನು ಟಿಂಕರಿನವನು ತಟ್ಟಿ ನೆಟ್ಟಗೆ ಮಾಡುತ್ತಾನೆ, ಪೇಂಟಿನವನು ಬಣ್ಣ ಹೊಡೆಯುತ್ತಾನೆ, ಸೀಟುಗಳು ಮಾತ್ರ ಬರುವುದು ಅವಳ ಹತ್ತಿರ. ಕಲೆ ಹತ್ತಿದ ಹೊದಿಕೆಯನ್ನು ಬಿಚ್ಚಿ ಎಸೆಯಬೇಕು, ಒಳಗಿನ ಸ್ಪಂಜನ್ನು ಹಿಂಡಿ ನೋಡಬೇಕು. ಸೀಟಿನ ಸಂದಿಯಲ್ಲಿ ಅವಳಿಗೆ ಒಂಟಿ ಓಲೆ ಸಿಕ್ಕಿದೆ, ಮುರಿದ ಕನ್ನಡಕ ಸಿಕ್ಕಿದೆ, ಒಮ್ಮೆ ಮಗುವಿನ ಒಂದೇ ಒಂದು ಚಪ್ಪಲಿ ಸಿಕ್ಕಿತ್ತು. ಯಾರದು, ಏನಾಯಿತು ಎಂದು ಅವಳು ಕೇಳುವುದಿಲ್ಲ. ಕೇಳದೆ ಇದ್ದರೂ ಕೈಗೆ ಎಲ್ಲ ತಿಳಿಯುತ್ತದೆ. ಬ್ರೇಕು ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಅವಳ ಮಿಷನ್ನು ನಿಲ್ಲುತ್ತದೆ.

ಶೆಡ್ಡು ಗುಡಿಸುವಾಗ ಒಂದು ಬೆಳಿಗ್ಗೆ ದೊಡ್ಡಮ್ಮನ ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿ ಕಂಡಿತು. ಬೆರಳಿನಿಂದ ಒರೆಸಿ ಮೂಸಿದಳು, ಬ್ರೇಕ್ ಆಯಿಲ್ಲು. ಅಂದು ಕಾಫಿ ಕೊಡುವಾಗ ಮೆಲ್ಲಗೆ ಮಾತು ತೆಗೆದಳು.

"ರೀ, ಬ್ರೇಕಿನ ರಬ್ಬರ್ ವಾಷರುಗಳನ್ನ ಒಂದು ಸಲ ಬದಲಾಯಿಸಿಬಿಡಿ. ಬೆಟ್ಟ ಇಳೀಬೇಕಲ್ವಾ?"

"ಇವತ್ತು ವಾಷರು, ನಾಳೆ ಪೈಪು, ನಾಡಿದ್ದು ಪೆಡಲು. ಆಮೇಲೆ ಮಾವನ ಗಾಡಿ ಅಂತ ಜನಕ್ಕೆ ಏನನ್ನ ತೋರಿಸಲಿ? ನಂಬರ್ ಪ್ಲೇಟನ್ನಾ?"

"ಅದು ಒಳಗಡೆ ಇರೋದು. ಯಾರ ಕಣ್ಣಿಗೆ ಕಾಣತ್ತೆ?"

"ನನಗೆ ಗೊತ್ತಿರತ್ತಲ್ಲ."

ಮೇಳದವರೇ ರಬ್ಬರು, ಟೈರುಗಳ ವಿಷಯಕ್ಕೆ ತಕರಾರು ಮಾಡುತ್ತಿರಲಿಲ್ಲ. ತಕರಾರು ಇದ್ದದ್ದು ಇವನದೇ. ಅವನನ್ನು ಹಟಮಾರಿ ಎಂದು ತಳ್ಳಿಹಾಕುವ ಹಾಗೂ ಇಲ್ಲ, ಅವನ ಮಾತಿನಲ್ಲೂ ಹುರುಳಿತ್ತು. ತಂದೆಯ ಕೈಗಡಿಯಾರ ಹಿಡಿದುಕೊಂಡು ಬಂದವರು "ಸ್ವಲ್ಪ ಹೊಸದರ ಹಾಗೆ ಮಾಡಿಕೊಡಿ" ಅನ್ನುವುದು, ಮಾಡಿಕೊಟ್ಟ ಮೇಲೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಇದು ಅಪ್ಪನದೇನಾ?" ಎಂದು ಪೆಚ್ಚಾಗುವುದು ಅವನ ಅಂಗಡಿಯಲ್ಲಿ ದಿನಾ ಇದ್ದದ್ದೇ. ತಿಕ್ಕಿ ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ ಎಂದು ಅವನು ಹೇಳಿದರೆ ಎದುರಾಡುವುದು ಕಷ್ಟ. ಒದ್ದೆಯ ವಿಷಯ ಸೀಟಕ್ಕನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಅವನು ಶೆಡ್ಡಿಗೆ ಕಾವಲು ಕೂತಾನು, ತನಗೆ ಬೀಗದ ಕೈ ಸಿಗದೇ ಹೋದೀತು ಎಂದು ನುಂಗಿಕೊಂಡಳು. ಅಷ್ಟು ಹೊತ್ತಿಗಾಗಲೇ ಅವಳ ತಲೆಯಲ್ಲಿ ಬೇರೊಂದು ಲೆಕ್ಕಾಚಾರ ನಡೆದಿತ್ತು.

ಬೀದಿಯ ಕೊನೆಯಲ್ಲಿ ಬ್ರೇಕು ಕೆಲಸದವನೊಬ್ಬನಿದ್ದ, ಎಲ್ಲರ ಬಾಯಲ್ಲಿ ಲೈನಿಂಗಣ್ಣ. ಮಾತು ಜಾಸ್ತಿ, ಪುಕ್ಕಲು ಇನ್ನೂ ಜಾಸ್ತಿ. ಸೀಟಕ್ಕ ವಿಷಯ ಹೇಳಿದಾಗ ಅವನು ಕೈ ಒರೆಸುವ ಬಟ್ಟೆಯನ್ನು ಕೆಳಗೆ ಬೀಳಿಸಿದ.

"ಅಕ್ಕಾ, ಭಾವನಿಗೆ ಗೊತ್ತಾದ್ರೆ ನನ್ನ ಚರ್ಮ ಸುಲಿದು ನಿನ್ನ ಕೈಗೆ ಹೊಲಿಯೋಕೆ ಕೊಡ್ತಾನೆ."

"ಗೊತ್ತಾಗದ ಹಾಗೆ ಮಾಡೋದು ನನ್ನ ಕೆಲಸ. ನೀನು ಒಳಗಿಂದು ನೋಡ್ಕೊ, ಹೊರಗಿಂದು ನನಗೆ ಬಿಡು."

ಗಂಡ ಅಂಗಡಿಯಲ್ಲಿದ್ದ ಮಧ್ಯಾಹ್ನಗಳಲ್ಲಿ ಅವರು ಕದ್ದು ಕೆಲಸ ಮಾಡಿದರು. ನಾಲ್ಕೂ ಚಕ್ರ ಬಿಚ್ಚಿ, ಕಲ್ಲಿನ ಹಾಗಾಗಿದ್ದ ಹಳೆಯ ವಾಷರುಗಳನ್ನು ಕಿತ್ತು, ಮೆತ್ತನೆಯ ಹೊಸವನ್ನು ಹಾಕಿದ ಲೈನಿಂಗಣ್ಣ. ಪೆಡಲಿನ ಹಿಂದಿನ ಸಿಲಿಂಡರಿನಲ್ಲೂ ಹೊಸದೇ. ಹಳೆಯ ಆಯಿಲ್ಲು ಚೆಲ್ಲಿ ಹೊಸದು ತುಂಬಿದ. ಸೀಟಕ್ಕ ಶೆಡ್ಡಿನ ಮೂಲೆಯ ಧೂಳನ್ನು ಜರಡಿ ಹಿಡಿದು, ಗ್ರೀಸಿಗೆ ಕಲಸಿ, ಬಿಚ್ಚಿದ ಒಂದೊಂದು ಬೋಲ್ಟಿಗೂ ಹಳೆಯ ಕೊಳೆಯನ್ನು ಮತ್ತೆ ಬಳಿದಳು. ಹಳೆಯ ಸೀಟಿಗೆ ತೇಪೆ ಹಾಕುವಾಗ ಬಣ್ಣಕ್ಕೆ ಬಣ್ಣ ಸೇರಿಸಿ ರೂಢಿಯಾದ ಕೈ. ಕೊನೆಗೆ ದೂರ ನಿಂತು ನೋಡಿದಾಗ ಅವಳಿಗೇ ಎಲ್ಲಿ ಬಿಚ್ಚಿದ್ದೆವು ಎಂದು ತಿಳಿಯಲಿಲ್ಲ. ಕಳ್ಳತನದಲ್ಲೂ ಇಷ್ಟು ಅಚ್ಚುಕಟ್ಟೇ ಎಂದು ಲೈನಿಂಗಣ್ಣ ಬೆರಗಾದ.

ಆ ದಿನದಿಂದ ಸೀಟಕ್ಕನಿಗೆ ಸ್ವಲ್ಪ ನಿದ್ದೆ ಹತ್ತಿತು. ಗಂಡನಿಗೆ ಮೋಸ ಮಾಡಿದೆ ಅನ್ನುವ ಕಸಿವಿಸಿ ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಆದರೆ ಹೆದರಿಕೆ, ಕಸಿವಿಸಿ ಎರಡರಲ್ಲಿ ಒಂದು ಆರಿಸಿಕೋ ಅಂದರೆ ಅವಳು ಕಸಿವಿಸಿಯನ್ನೇ ಆರಿಸಿಕೊಳ್ಳುವವಳು.

ಮೇಳಕ್ಕೆ ಹೊರಡುವ ಹಿಂದಿನ ದಿನ ಗಂಡ ಶೆಡ್ಡಿನಿಂದ ಮುಖವರಳಿಸಿಕೊಂಡು ಬಂದ.

"ಏನೇ, ದೊಡ್ಡಮ್ಮನ ಪೆಡಲು ಒತ್ತಿ ನೋಡು ಬಾ. ಎಷ್ಟು ಗಟ್ಟಿಯಾಗಿದೆ! ಹೊಸ ಗಾಡಿಗೂ ಹೀಗಿರಲ್ಲ."

ಅವಳು ಒತ್ತಿ ನೋಡಿದಳು. ಗಟ್ಟಿಯಾಗೇ ಇತ್ತು, ಎತ್ತರಕ್ಕೂ ಇತ್ತು. ನನ್ನ ಕೆಲಸಕ್ಕೆ ಇವರು ಬೀಗುತ್ತಿದ್ದಾರಲ್ಲ ಎಂದು ಒಳಗೊಳಗೇ ನಗು ಬಂತು. ಅವನೂ ಏನೋ ಒಂದು ಗುಟ್ಟು ಇಟ್ಟುಕೊಂಡವನ ಹಾಗೆ ಮೀಸೆಯಡಿಯಲ್ಲಿ ನಗುತ್ತಿದ್ದ. ಆ ನಗು ಯಾಕೆ ಎಂದು ಕೇಳಲು ಅವಳಿಗೆ ತೋಚಲಿಲ್ಲ.

ದೊಡ್ಡಮ್ಮನಿಗೆ ತಿರುವಿನ ದೀಪಗಳಿರಲಿಲ್ಲ, ತಿರುಗುವಾಗ ಪಕ್ಕಕ್ಕೆ ಚಾಚಿಕೊಳ್ಳುವ ಕೈಕಂಬಗಳಿದ್ದವು, ಅವು ಕೆಟ್ಟು ಯಾವ ಕಾಲವೋ ಆಗಿತ್ತು. ಅವನ್ನು ಸರಿಮಾಡಿಸುವ ಮಾತಂತೂ ಎತ್ತುವ ಹಾಗೇ ಇಲ್ಲ. ಹಾಗಾಗಿ ಎಡಗಡೆಯ ಸೀಟಿನಲ್ಲಿ ಒಬ್ಬರು ಕೂತು ಕಿಟಕಿಯಿಂದ ಕೈ ಚಾಚಿ ಸನ್ನೆ ಮಾಡಬೇಕಿತ್ತು. ಸೀಟಕ್ಕನೇ ಹೋಗಬೇಕಾಗಿತ್ತು, ಆದರೆ ಅದೇ ದಿನ ಒಂದು ಬಸ್ಸಿನ ಸೀಟುಗಳನ್ನು ಹೊಲಿದು ಕೊಡಬೇಕಿತ್ತು. ಕಾಲೇಜಿಗೆ ಹೋಗುವ ಮಗಳಿಗೆ ಹೇಳಿದಳು. ಮಗಳು ಮೊಬೈಲಿನಿಂದ ತಲೆ ಎತ್ತಿದಳು.

"ಆ ಗಾಡಿ ಬ್ರೇಕ್ ಹಿಡಿಯತ್ತಾ ಅಮ್ಮ?"

"ಹಿಡಿಯದೇ ಏನು? ನಾನೇ ಒತ್ತಿ ನೋಡಿದೀನಿ. ಹೋಗು, ಏನೂ ಆಗಲ್ಲ."

"ನಾನಿಲ್ವೇನೆ ಪಕ್ಕದಲ್ಲಿ?" ಅಂದ ಅಪ್ಪ, ಎದೆ ಮುಂದೆ ಮಾಡಿ.

ಬೆಳಿಗ್ಗೆ ದೊಡ್ಡಮ್ಮ ಹೊರಟಳು. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಗೇಟು ದಾಟುವಾಗ ಚಕ್ರದಿಂದ ಸಣ್ಣಗೆ ಕಿರ್ ಎಂಬ ಸದ್ದು ಬಂತು, ಯಾರೋ ಹಿಡಿದು ಎಳೆದ ಹಾಗೆ ಗಾಡಿ ಒಂದು ಕ್ಷಣ ತಡೆಯಿತು. ಬಹಳ ದಿನ ನಿಂತ ಮೈ, ಸಂದುಗಳು ಹಿಡಿದುಕೊಂಡಿರುತ್ತವೆ ಎಂದುಕೊಂಡಳು ಸೀಟಕ್ಕ. ಮಗಳು ಎಡಗಿಟಕಿಯಿಂದ ಕೈ ಚಾಚಿ ಟಾಟಾ ಮಾಡಿದಳು.

ಬಸ್ಸಿನ ಸೀಟಿನ ರೆಕ್ಸಿನ್ನು ದಪ್ಪ. ಸ್ವಲ್ಪ ಹೊತ್ತು ಹೊಲಿಯುವಷ್ಟರಲ್ಲಿ ಮಿಷನ್ನು ಕಟಕಟ ಎಂದು ಒಣ ಸದ್ದು ಮಾಡತೊಡಗಿತು. ಎಣ್ಣೆ ಬಿಡಬೇಕೆಂದು ಮಿಷನ್ ಎಣ್ಣೆಯ ಡಬ್ಬಿ ಎತ್ತಿದಳು, ಅದು ಗಾಳಿಯಷ್ಟು ಹಗುರವಾಗಿತ್ತು. ಮೊನ್ನೆ ತಾನೇ ಭರ್ತಿ ತಂದಿಟ್ಟ ಡಬ್ಬಿ.

"ಅತ್ತೆ, ಎಣ್ಣೆ ಡಬ್ಬಿ ಏನಾದ್ರೂ ಚೆಲ್ಲಿತ್ತಾ?"

ಅತ್ತೆ ಕಿಟಕಿಯ ಪಕ್ಕ ಕೂತು ಬಿಸಿಲು ಕಾಯಿಸುತ್ತಿದ್ದರು. "ಚೆಲ್ಲಿಲ್ಲಮ್ಮ, ನಿನ್ನ ಗಂಡ ತಗೊಂಡು ಹೋದ. ನಿನಗೆ ಹೇಳಬೇಡ ಅಂದಿದ್ದ."

"ಗಡಿಯಾರಕ್ಕಾ? ಇಷ್ಟೊಂದಾ?"

"ಗಡಿಯಾರಕ್ಕಲ್ಲ, ದೊಡ್ಡಮ್ಮನಿಗೆ. ಬ್ರೇಕಿನ ಡಬ್ಬೀಲಿ ಹುಯ್ದನಂತೆ. ಹಳೇ ರಬ್ಬರು ಸೋರತ್ತೆ, ಈ ಎಣ್ಣೆ ಕುಡಿದ್ರೆ ಸ್ವಲ್ಪ ಊದ್ಕೊಂಡು ಬಿಗಿಯಾಗತ್ತೆ, ಏನೂ ಬಿಚ್ಚೋ ಹಾಗಿಲ್ಲ ಅಂದ. ಅವನಿಗೂ ಒಳಗೊಳಗೆ ಪುಕಪುಕ ಅನ್ನುತ್ತಿತ್ತು ಪಾಪ. ಅವಳಿಗೆ ಗೊತ್ತಾದ್ರೆ ಹೆದರ್ತಾಳೆ, ಮಗೂನ ಕಳಿಸಲ್ಲ ಅಂತ ನಿನಗೆ ಹೇಳಲಿಲ್ಲ."

ಸೀಟಕ್ಕನಿಗೆ ಪೂರ್ತಿ ಅರ್ಥವಾಗಲಿಲ್ಲ. ಹಳೆಯ ರಬ್ಬರು ಅಲ್ಲಿ ಇಲ್ಲವಲ್ಲ ಎಂಬುದೊಂದೇ ತಲೆಯಲ್ಲಿ ಗಿರಗಿರ ತಿರುಗಿತು. ಚಪ್ಪಲಿಯನ್ನೂ ಮೆಟ್ಟದೆ ಬೀದಿಯ ಕೊನೆಯವರೆಗೆ ಓಡಿದಳು.

ಲೈನಿಂಗಣ್ಣ ಅವಳ ಮಾತು ಕೇಳುತ್ತ ಕೇಳುತ್ತ ಕೆಳಗೆ ಕೂತ.

"ಹಳೇದು ಕಲ್ಲಾಗಿತ್ತಕ್ಕ. ಅದಕ್ಕೆ ಎಣ್ಣೆ ಬಿದ್ದಿದ್ರೆ ಒಂಚೂರು ಊದಿ, ಹೆಂಗೋ ನಾಲ್ಕು ದಿನ ನಡೀತಿತ್ತು. ನಾವು ಹಾಕಿದ್ದು ಮೆತ್ತಂದು. ಮಿಷನ್ ಎಣ್ಣೆ ಬಿದ್ರೆ ಅದು ಊದಿ ಊದಿ ಸಿಲಿಂಡರ್ ಒಳಗೇ ಸಿಕ್ಕಿಹಾಕ್ಕೊಳತ್ತೆ. ಒತ್ತಿದ ಬ್ರೇಕು ಬಿಡಲ್ಲ, ಹಿಡ್ಕೊಂಡೇ ಇರತ್ತೆ."

"ಹಿಡ್ಕೊಂಡ್ರೆ ಒಳ್ಳೇದೇ ಅಲ್ವಾ? ನಿಂತುಬಿಡತ್ತಲ್ಲ?" ಅಂದಳು ಅವಳು. ಅವನು ಹೌದು ಅನ್ನಲಿ ಎಂದು ಅವನ ಬಾಯನ್ನೇ ನೋಡಿದಳು.

"ಪೂರ್ತಿ ಹಿಡಿಯಲ್ಲಕ್ಕ, ಉಜ್ಜಿಕೊಂಡು ಹೋಗತ್ತೆ. ಉಜ್ಜಿ ಉಜ್ಜಿ ಚಕ್ರದ ಒಳಗಿನ ಡ್ರಮ್ಮು ಕಾಯತ್ತೆ. ಹತ್ತುವಾಗ ತಿಳಿಯಲ್ಲ, ಎಂಜಿನ್ ಎಳೀತಿರತ್ತೆ. ಇಳಿಯುವಾಗ ಮತ್ತೆ ಮತ್ತೆ ಒತ್ತಬೇಕಲ್ಲ, ಆಗ ಒಳಗಿನ ಆಯಿಲ್ಲೇ ಕುದಿಯತ್ತೆ. ಕುದ್ದ ಮೇಲೆ ಪೆಡಲು ಒತ್ತಿದ್ರೆ..." ಅವನು ಮುಂದೆ ಹೇಳಲಿಲ್ಲ, ಅಂಗೈಯನ್ನು ನೆಲಕ್ಕೆ ಒತ್ತಿ ತೋರಿಸಿದ.

ಗಂಡನ ಮೊಬೈಲು ಗಾಡಿ ಓಡಿಸುವಾಗ ಯಾವಾಗಲೂ ಬಂದ್. ಮಗಳಿಗೆ ಕರೆ ಹೋಗಲಿಲ್ಲ, ಬೆಟ್ಟದ ದಾರಿಯಲ್ಲಿ ಎಲ್ಲಿಯ ಸಿಗ್ನಲ್ಲು. ಮತ್ತೆ ಮಾಡಿದಳು, ಮತ್ತೆ ಮಾಡಿದಳು. ಲೈನಿಂಗಣ್ಣ ಸ್ಕೂಟರು ತೆಗೆದ. ಅವಳು ಹಿಂದೆ ಕೂತಳು, ಅವನ ಅಂಗಿಯನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡಳು.

ಊರು ದಾಟುವ ತನಕ ಅವಳು ಲೆಕ್ಕ ಹಾಕುತ್ತಲೇ ಇದ್ದಳು. ದೊಡ್ಡಮ್ಮ ನಿಧಾನ, ನಾವು ಜೋರು. ಅವರು ಎಲ್ಲಾದರೂ ನಿಂತು ಟೀ ಕುಡಿದಿರಬಹುದು. ಗಾಡಿ ಕಾದು ಹತ್ತುವಾಗಲೇ ನಿಂತಿರಬಹುದು. ನಿಂತಿರಲಿ, ದೊಡ್ಡಮ್ಮ ಒಂದು ಸಲ ತನ್ನ ಮೊಂಡಾಟ ತೋರಿಸಲಿ. ಈ ಗಾಡಿಯನ್ನು ಎಷ್ಟು ಬೈದಿದ್ದೆನೋ ಅಷ್ಟನ್ನೂ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಬೇಡಿಕೊಂಡಳು.

ಏರುದಾರಿಯಲ್ಲಿ ಎಲ್ಲೂ ದೊಡ್ಡಮ್ಮ ಕಾಣಲಿಲ್ಲ. ಬೆಟ್ಟದ ನೆತ್ತಿಯಲ್ಲಿ ಒಂದು ಗೂಡಂಗಡಿ ಇತ್ತು. ಲೈನಿಂಗಣ್ಣ ಸ್ಕೂಟರು ನಿಲ್ಲಿಸದೆ ಕೂಗಿ ಕೇಳಿದ. ಅಂಗಡಿಯವಳು ಇಳಿಜಾರಿನ ಕಡೆ ಕೈ ತೋರಿಸಿ, "ಹಳೇ ಕಾರಾ? ಈಗ ಹೋಯ್ತು. ಏನೋ ಸುಟ್ಟ ವಾಸನೆ ಬರ್ತಿತ್ತು, ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ಹೊರಟೇಬಿಟ್ರು" ಅಂದಳು.

ಇಳಿಜಾರು ಶುರುವಾದ ಕೂಡಲೇ ಸೀಟಕ್ಕನ ಮೂಗಿಗೂ ಆ ವಾಸನೆ ಬಡಿಯಿತು. ಬ್ರೇಕಿನ ಲೈನಿಂಗು ಸುಟ್ಟ ಘಾಟು, ಕೂದಲು ಸುಟ್ಟ ಹಾಗೆ. ಎಡಗಡೆ ಬೆಟ್ಟವನ್ನು ಕಡಿದು ಕಟ್ಟಿದ ಕಲ್ಲುಗೋಡೆ, ಬಲಗಡೆ ಏನೂ ಇಲ್ಲ. ಮೊಣಕಾಲೆತ್ತರದ ಕಲ್ಲುಗಳು ಅಲ್ಲೊಂದು ಇಲ್ಲೊಂದು, ಆಮೇಲೆ ಬರೀ ಗಾಳಿ. ಪ್ರತಿ ತಿರುವಿನಲ್ಲೂ ಅವಳು ಬಲಕ್ಕೆ ಬಗ್ಗಿ ಕೆಳಗೆ ನೋಡುತ್ತಿದ್ದಳು. ನೋಡಬಾರದು ಅಂದುಕೊಳ್ಳುತ್ತಿದ್ದಳು, ನೋಡುತ್ತಿದ್ದಳು. ಕೆಳಗೆ ಮರಗಳ ನಡುವೆ ಒಂದು ಕಡೆ ಸ್ಲೇಟಿನ ಬಣ್ಣದ್ದೇನೋ ಮಿಂಚಿತು. ಇನ್ನೊಂದು ತಿರುವಿನಿಂದ ನೋಡಿದಾಗ ಅದು ಬಂಡೆ.

ಅವಳ ಕಣ್ಣ ಮುಂದೆ ಸೀಟುಗಳು ಬರತೊಡಗಿದವು. ತಾನು ಬಿಚ್ಚಿದ ಸೀಟುಗಳು, ಹಿಂಡಿದ ಸ್ಪಂಜುಗಳು. ದೊಡ್ಡಮ್ಮನ ಸೀಟನ್ನು ಯಾರಾದರೂ ತಂದು ತನ್ನ ಮುಂದೆ ಇಳಿಸಿದರೆ? ಹೋಗು, ಏನೂ ಆಗಲ್ಲ ಎಂದು ತಾನೇ ಹೇಳಿ ಕೂರಿಸಿದ ಸೀಟನ್ನು? ಲೈನಿಂಗಣ್ಣ ಮುಂದೆ ಗಟ್ಟಿಯಾಗಿ ಏನೋ ಗೊಣಗುತ್ತಿದ್ದ, ಅವನೂ ಅಳುತ್ತಿದ್ದ ಎಂದು ಅವಳಿಗೆ ಆಗ ತಿಳಿಯಿತು.

ಒಂದು ತಿರುವು ದಾಟಿದ ಮೇಲೆ ಗೋಡೆಯ ಕಲ್ಲುಗಳ ಮೇಲೆ ಉದ್ದಕ್ಕೆ ಒಂದು ಗೀರು ಕಂಡಿತು. ಹಸಿ ಗೀರು, ಕಲ್ಲಿಗೆ ಬಣ್ಣ ಹತ್ತಿತ್ತು. ಗೀರಿನ ಕೆಳಗೆ ರಸ್ತೆಯಲ್ಲಿ ಗಾಜಿನ ಚೂರು. ಮುಂದೆ ಬಾಗಿಲಿನ ಹಿಡಿ ಬಿದ್ದಿತ್ತು. ಗೀರು ಗೋಡೆಯನ್ನು ಹಿಡಿದುಕೊಂಡೇ ಹೋಗಿ, ಬಿಟ್ಟು, ಮತ್ತೆ ಹಿಡಿದು, ದೂರದವರೆಗೆ ಹೋಗಿತ್ತು. ಅದರ ಕೊನೆಯಲ್ಲಿ, ಚರಂಡಿಯಲ್ಲಿ ಒಂದು ಚಕ್ರ ಇಳಿಸಿ, ಗೋಡೆಗೆ ಕೆನ್ನೆಯಿಟ್ಟು ದೊಡ್ಡಮ್ಮ ನಿಂತಿದ್ದಳು. ಚಕ್ರಗಳಿಂದ ಹೊಗೆ ಏಳುತ್ತಿತ್ತು.

ಮಗಳು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದಳು. ಎಡತೋಳಿಗೆ ಅಪ್ಪನ ಅಂಗಿ ಸುತ್ತಿತ್ತು, ಅಂಗಿ ಕೆಂಪಾಗಿತ್ತು. ಗಂಡ ಬರೀ ಬನಿಯನ್ನಿನಲ್ಲಿ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಸ್ಕೂಟರು ಪೂರ್ತಿ ನಿಲ್ಲುವ ಮೊದಲೇ ಸೀಟಕ್ಕ ಜಿಗಿದು, ಎಡವಿ ಬಿದ್ದು, ಎದ್ದು ಓಡಿದಳು. ಮಗಳ ಮುಖ, ಕತ್ತು, ತಲೆ, ಬೆನ್ನು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಗಾಜು ತೋಳನ್ನು ಉದ್ದಕ್ಕೆ ಸೀಳಿತ್ತು. ಮೂಳೆ ಮುರಿದಿರಲಿಲ್ಲ. ಬೆರಳುಗಳು ಆಡುತ್ತಿದ್ದವು.

"ಪೆಡಲು ನೆಲಕ್ಕೆ ಹೋಗಿಬಿಟ್ಟಿತು ಕಣೇ" ಅಂದ ಗಂಡ. "ಏನೂ ಇರಲಿಲ್ಲ ಕಾಲಿನ ಕೆಳಗೆ. ಇವಳು ಕೈ ಹೊರಗೆ ಚಾಚಿದ್ದಳು. ಗೋಡೆ ಇದ್ದದ್ದು ಅವಳ ಕಡೆ. ಅವಳನ್ನ ಎಳೆದು ತೊಡೆ ಮೇಲೆ ಹಾಕ್ಕೊಂಡು ಗೋಡೆಗೆ ಒರಗಿಸಿಬಿಟ್ಟೆ. ಬೇರೆ ಏನು ಮಾಡಲಿ? ಆ ಕಡೆ ಕಣಿವೆ."

ಆಮೇಲೆ ಹೆಂಡತಿಯ ಕಣ್ಣು ತಪ್ಪಿಸಿ, "ನಾನೇ ಮಾಡಿದ್ದು" ಅಂದ. "ನಿನ್ನ ಮಿಷನ್ ಎಣ್ಣೆ ಹುಯ್ದೆ. ವಾಷರು ಸೋರ್ತಿತ್ತು, ನೋಡಿದ್ದೆ. ನೋಡಿದಾಗಿಂದ ನಿದ್ದೆ ಇರಲಿಲ್ಲ. ಬದಲಾಯಿಸು ಅಂತ ನೀನು ಹೇಳಿದಾಗ ಬದಲಾಯಿಸಿದ್ರೆ ಸೋತ ಹಾಗಾಗತ್ತೆ ಅಂತ ಹೀಗೆ ಮಾಡಿದೆ. ನನ್ನಿಂದ ಮಗು ಹೋಗ್ತಿತ್ತು."

ಲೈನಿಂಗಣ್ಣ ಗಂಡನ ಬೆನ್ನ ಹಿಂದೆ ನಿಂತು ಸೀಟಕ್ಕನನ್ನೇ ನೋಡುತ್ತಿದ್ದ. ಬೇಡ ಎಂದು ತಲೆಯಾಡಿಸಿದ. ಅವಳಿಗೂ ಗೊತ್ತಿತ್ತು, ಈಗ ಬಾಯಿ ಮುಚ್ಚಿಕೊಂಡರೆ ಇಡೀ ತಪ್ಪು ಗಂಡನ ತಲೆಯ ಮೇಲೆ ಕೂರುತ್ತದೆ. ಸಾಯುವ ತನಕ ಅವನು ತುಟಿ ಬಿಚ್ಚುವುದಿಲ್ಲ, ತಾನು ಹೇಳಿದ್ದನ್ನೆಲ್ಲ ಕೇಳುತ್ತಾನೆ. ಒಂದು ಗಳಿಗೆ ಅವಳಿಗೆ ಅದು ಬೇಕು ಅನ್ನಿಸಿತು ಕೂಡ. ಆದರೆ ಬನಿಯನ್ನಿನಲ್ಲಿ ನಡುಗುತ್ತಿದ್ದ ಆ ಮನುಷ್ಯನನ್ನು ನೋಡಿ ತಡೆಯಲಾಗಲಿಲ್ಲ.

"ಅಲ್ಲಿ ಹಳೇ ವಾಷರು ಇರಲಿಲ್ಲರೀ. ನಾನು ಇವನ ಕೈಲಿ ಹೊಸದು ಹಾಕಿಸಿದ್ದೆ. ಹೊಸದಕ್ಕೆ ಆ ಎಣ್ಣೆ ವಿಷ. ನನಗೂ ಆ ಒದ್ದೆ ಕಂಡಿತ್ತು, ಹೆದರಿಕೆ ಆಯ್ತು. ನಿಮಗೆ ಹೇಳಿದ್ರೆ ಬಿಡಲ್ಲ ಅಂತ ಕದ್ದು ಮಾಡಿಸಿದೆ."

ಅವನು ಅವಳನ್ನು ನೋಡಿದ. ಕೂಗುತ್ತಾನೆ ಎಂದು ಅವಳು ಕಾದಳು. ಅವನು ಕೂಗಲಿಲ್ಲ.

"ನಿನಗೂ ಹೆದರಿಕೆ ಇತ್ತಾ?"

"ಮೊದಲಿಂದ್ಲೂ."

ಅವನು ಎದ್ದು ಹೋಗಿ ದೊಡ್ಡಮ್ಮನ ಮೈಯನ್ನು ನೋಡಿದ. ಮುಂದಿನ ಮಡ್‌ಗಾರ್ಡಿನಿಂದ ಹಿಂದಿನ ತನಕ ಎಡಮಗ್ಗುಲು ಪೂರ್ತಿ ಕಿತ್ತುಹೋಗಿ ಬೆಳ್ಳನೆಯ ತಗಡು ಹೊಳೆಯುತ್ತಿತ್ತು. "ಇನ್ನು ಏನು ಉಳಿಸೋದು ಇದರಲ್ಲಿ" ಅಂದ. "ಎಲ್ಲ ಬಿಚ್ಚಿ ಹೊಸ ಬ್ರೇಕು, ಹೊಸ ಸೀಟು, ಹೊಸ ಬಣ್ಣ ಏನು ಬೇಕಾದ್ರೂ ಹಾಕಿಸಿಬಿಡೋಣ. ನೀನು ಹೇಳಿದ ಹಾಗೇ ಆಗಲಿ."

"ನಾನು ಬಣ್ಣ ಕೇಳಿದ್ನಾ? ರಬ್ಬರು ಕೇಳಿದ್ದೆ" ಎಂದು ಸೀಟಕ್ಕ ಶುರುಮಾಡಿದಳು. ಇಷ್ಟು ಹೊತ್ತು ಕಟ್ಟಿಕೊಂಡಿದ್ದ ಅಳು ಅವಳಿಗೆ ಸಿಟ್ಟಾಗಿ ಬರತೊಡಗಿತ್ತು. "ಆವತ್ತೇ ಸೋರ್ತಿದೆ ಅಂತ ಒಂದು ಮಾತು ಅಂದಿದ್ರೆ..."

"ನೀನು ಅಂದ್ಯಾ?"

"ನಿಮ್ಮಿಬ್ಬರಿಗೂ ಗೊತ್ತಿತ್ತು" ಅಂದಳು ಮಗಳು.

ಅವಳ ದನಿ ಏರಿರಲಿಲ್ಲ. ಇಬ್ಬರೂ ತಿರುಗಿದರು. ಅವಳು ಕಲ್ಲಿನ ಮೇಲಿಂದ ಎದ್ದು ನಿಂತಿದ್ದಳು, ತೋಳಿನ ಅಂಗಿಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಿದ್ದಳು.

"ಸೋರೋದು ಇಬ್ಬರೂ ನೋಡಿದ್ರಿ. ಇಬ್ಬರಿಗೂ ಹೆದರಿಕೆ ಇತ್ತು. ಅಪ್ಪಂದು ಅಮ್ಮಂಗೆ ಗೊತ್ತಾಗಬಾರದು, ಅಮ್ಮಂದು ಅಪ್ಪಂಗೆ ಗೊತ್ತಾಗಬಾರದು. ಮತ್ತೆ ನನ್ನ ಯಾಕೆ ಕೂರಿಸಿದ್ರಿ ಅದರಲ್ಲಿ?"

ಸರಿಯಾಗಿದೆ ಅಂದುಕೊಂಡಿದ್ದೆ ಎಂದು ಸೀಟಕ್ಕ ಹೇಳಬೇಕೆಂದಿದ್ದಳು. ಗಂಡನೂ ಅದೇ ಮಾತನ್ನು ಹೇಳಲು ಹೊರಟದ್ದು ಅವನ ಮುಖದಲ್ಲಿ ಕಂಡಿತು. ಸೀಟಕ್ಕನಿಗೆ ಹೆದರಿಕೆ ಮುಗಿಯಿತು ಎಂದುಕೊಂಡ ಆ ಹೊತ್ತಿನಲ್ಲಿ, ಮಗಳ ಮುಖವನ್ನು ನೋಡಿ, ದಾರಿಯುದ್ದಕ್ಕೂ ಆಗಿದ್ದಕ್ಕಿಂತ ದೊಡ್ಡ ಹೆದರಿಕೆಯಾಯಿತು.

"ಬಾ, ಮೊದಲು ಡಾಕ್ಟರ ಹತ್ತಿರ ಹೋಗೋಣ. ಯಾವುದಾದ್ರೂ ಗಾಡಿ ಬರತ್ತೆ, ಮೂವರೂ ಕೂತು..." ಎಂದು ಅವಳು ಕೈ ಚಾಚಿದಳು.

ಮಗಳು ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ. ರಸ್ತೆ ದಾಟಿ ಲೈನಿಂಗಣ್ಣನ ಸ್ಕೂಟರಿನ ಹತ್ತಿರ ಹೋಗಿ ನಿಂತಳು.

"ಮಾಮಾ, ನಿಮ್ಮ ಸ್ಕೂಟರ್ ಬ್ರೇಕ್ ಹೇಗಿದೆ? ನಿಜ ಹೇಳಿ."

ಲೈನಿಂಗಣ್ಣ ಅಪ್ಪ ಅಮ್ಮನ ಕಡೆ ಒಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಮುಂದಿನದು ಚೆನ್ನಾಗಿದೆ ಪುಟ್ಟ. ಹಿಂದಿನದು ಸ್ವಲ್ಪ ಕಮ್ಮಿ ಹಿಡಿಯತ್ತೆ. ಮಾಡ್ಕೊಬೇಕು ಅಂತಲೇ ಇದ್ದೆ."

ಅವಳು ಇಳಿಜಾರನ್ನು ನೋಡಿದಳು.

"ಹಾಗಾದ್ರೆ ನಿಧಾನವಾಗಿ ಹೋಗಿ" ಎಂದು ಹೇಳಿ ಹಿಂದೆ ಹತ್ತಿ ಕೂತಳು.